ನೀರು ಕಾಯುವ ಹೊತ್ತು

ಕಂಪ್ಯೂಟರ್ ಕೆಟ್ಟಿದ್ದಕ್ಕಿಂತ, ಅದರ ಪೆಟ್ಟಿಗೆಯ ಮೇಲೆ ಕೈಯಿಟ್ಟಾಗ ಬೆರಳು ಜುಂ ಎಂದದ್ದೇ ನನ್ನನ್ನು ಹೆಚ್ಚು ಹೆದರಿಸಿತು. ಬೆಳಿಗ್ಗೆ ಶುರು ಮಾಡಿದರೆ ಪರದೆಯ ಮೇಲೆ ಚುಕ್ಕೆಗಳು ತಿರುಗತೊಡಗುತ್ತಿದ್ದವು. ಅಷ್ಟರಲ್ಲಿ ಎಲ್ಲ ಕಪ್ಪಾಗುತ್ತಿತ್ತು. ತಾನಾಗಿಯೇ ಮತ್ತೆ ಹೊತ್ತಿಕೊಂಡು, ಅಲ್ಲಿಯವರೆಗೇ ಬಂದು, ಮತ್ತೆ ಆರುತ್ತಿತ್ತು. ಚಿತ್ರದುರ್ಗದ ಮುದ್ರಣಾಲಯವೊಂದಕ್ಕೆ ಹೊಸದುರ್ಗದ ಮನೆಯಿಂದಲೇ ಕರಡು ತಿದ್ದುವುದು ನನ್ನ ಕೆಲಸ. ಆ ಕೆಲಸ ಹೋದರೆ ಬೇರೆ ಹುಡುಕಬಹುದು. ಆದರೆ ನನಗೆ ಜುಂ ಎಂದದ್ದು ಮನೆಯಲ್ಲಿ ಇನ್ಯಾರಿಗೋ ಜೋರಾಗಿ ಹೊಡೆದರೆ?

ಅತ್ತೆ ತಿಪ್ಪಮ್ಮನವರ ಬಗ್ಗೆಯೇ ನನಗೆ ದಿಗಿಲು. ಕಂಡ ಧೂಳನ್ನೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸುವುದು ಅವರ ರೂಢಿ, ಅದೂ ಬರಿಗಾಲಲ್ಲಿ. ಚಪ್ಪಲಿ ಹಾಕಿಕೊಳ್ಳಿ ಎಂದು ಬೇಡಿಕೊಂಡೆ.

"ದೇವರ ಗೂಡು ಇರೋ ಮನೆಯಾಗೆ ಚಪ್ಪಲಿ ಮೆಟ್ಕಂಡು ತಿರುಗು ಅಂತೀಯಲ್ಲೇ, ಓದ್ದೋಳು ನೀನು" ಎಂದರು.

ನನ್ನ ಗಂಡ ಪ್ರಸನ್ನಕುಮಾರ್ ಮತ್ತೋಡಿನಲ್ಲಿ ಮೇಷ್ಟರು. ಅವರು ಪೆಟ್ಟಿಗೆಯನ್ನು ಬೈಕಿನ ಹಿಂದೆ ಕಟ್ಟಿ, ಬಸ್ ನಿಲ್ದಾಣದ ಹತ್ತಿರ ರಿಪೇರಿ ಅಂಗಡಿ ಇಟ್ಟಿರುವ ತಿಪ್ಪೇಶ್‌ಗೆ ಕೊಟ್ಟುಬಂದರು. ಅವನು ಒಳಗಿನ ಬಿಡಿಭಾಗಗಳನ್ನು ಬಿಚ್ಚಿ ಉಜ್ಜಿ ಕೂರಿಸಿದ, ಕರೆಂಟು ಹಂಚುವ ಡಬ್ಬಿಯನ್ನೂ ಬದಲಿಸಿದ. ಅಂಗಡಿಯಲ್ಲಿ ಅದು ದಿನವಿಡೀ ಚೆನ್ನಾಗಿ ಓಡಿತು. ಮನೆಗೆ ತಂದ ಮರುದಿನ ಬೆಳಿಗ್ಗೆ ಮತ್ತೆ ಅದೇ ಕಥೆ. ಫೋನ್ ಮಾಡಿದರೆ ತಿಪ್ಪೇಶ್ ನಕ್ಕ. "ಮಿಷನ್ ಚೆನ್ನಾಗೈತೆ ಅಕ್ಕ. ನಿಮ್ಮನೆ ಕಂಡ್ರೇನೇ ಅದುಕ್ಕೆ ಭಯ."

ಅವನು ತಮಾಷೆಗೆ ಅಂದದ್ದು. ಆದರೆ ದೋಷ ಪೆಟ್ಟಿಗೆಯಲ್ಲಿಲ್ಲ ಎಂದಾದರೆ ಅದು ಗೋಡೆಯೊಳಗೆ ಎಲ್ಲೋ ಇದೆ, ನಾವು ಅದರ ನಡುವೆಯೇ ಮಲಗಿ ಏಳುತ್ತಿದ್ದೇವೆ.

ಮಾರನೆಯ ಬೆಳಿಗ್ಗೆ ಪ್ರಸನ್ನ ಬೇಗ ಹೊರಟಿದ್ದರು. ಕಂಪ್ಯೂಟರಿನ ಗುಂಡಿ ಒತ್ತಿ, ಮೇಜಿನಿಂದ ದೂರ ನಿಂತು ನೋಡಿದೆ. ಈ ಸಲ ಅದು ಆರಲಿಲ್ಲ. ಚುಕ್ಕೆಗಳು ತಿರುಗಿ ಮುಗಿದವು, ನನ್ನ ಕಡತಗಳು ಕಾಣಿಸಿಕೊಂಡವು. ಇವತ್ತೇಕೆ ಸರಿಯಾಯಿತು ಎಂದುಕೊಳ್ಳುತ್ತಿರುವಾಗಲೇ ತಲೆಯ ಮೇಲಿನ ಫ್ಯಾನು ನಿಧಾನವಾಯಿತು, ಪರದೆ ಕಪ್ಪಾಯಿತು. ಕರೆಂಟು ಇದೆಯೇ ಎಂದು ನೋಡಲು ಪ್ರಸನ್ನ ತಂದಿಟ್ಟಿದ್ದ ಟೆಸ್ಟರನ್ನು ಪೆಟ್ಟಿಗೆಯ ಬರಿ ತಗಡಿಗೆ ಮುಟ್ಟಿಸಿದೆ. ಅದರೊಳಗಿನ ಪುಟ್ಟ ದೀಪ ಕೆಂಪಗೆ ಹೊತ್ತಿಕೊಂಡಿತು.

ಬಚ್ಚಲ ಕಡೆಯಿಂದ ಸ್ವಿಚ್ಚಿನ ಸದ್ದು ಆಗತಾನೇ ಕೇಳಿತ್ತು. ಅತ್ತೆ ನೀರು ಕಾಯಿಸುವ ಕಾಯಿಲ್ ಹಾಕಿದ್ದರು. ದಿನಾ ನಾನು ಕೆಲಸಕ್ಕೆ ಕೂರುವ ಮೊದಲೇ ಹಾಕಿರುತ್ತಿದ್ದರು.

ಸೌದೆ ಉರಿಸುತ್ತಿದ್ದ ಕಾಲದ ತಾಮ್ರದ ಹಂಡೆಯನ್ನು ಅತ್ತೆ ಬಿಟ್ಟುಕೊಟ್ಟಿಲ್ಲ. ಈಗ ಅದರ ಬಾಯಿಗೆ ಕೋಲು ಅಡ್ಡ ಇಟ್ಟು ಕರೆಂಟಿನ ಕಾಯಿಲ್ ಇಳಿಬಿಡುತ್ತಾರೆ. ಅದು ಹೊತ್ತಿದಾಗ ಇಲ್ಲಿ ಈ ತಗಡಿಗೇ ಕರೆಂಟು ಹರಿಯುತ್ತಿದೆ ಎಂದರೆ, ಅಲ್ಲಿ ಆ ತಾಮ್ರಕ್ಕೆ? ಸೋರಿದ ಕರೆಂಟನ್ನು ನೆಲಕ್ಕೆ ಇಳಿಸಬೇಕಾದ ಅರ್ಥಿಂಗ್ ತಂತಿ ಎರಡಕ್ಕೂ ಒಂದೇ. ಅತ್ತೆ ಒದ್ದೆ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಂತಿರುತ್ತಾರೆ, ನೀರು ಕಾದಿದೆಯೇ ಎಂದು ಆಗಾಗ ಬೆರಳದ್ದುತ್ತಾರೆ.

ಕೂಗಬೇಕೆಂದು ಬಾಯಿ ತೆರೆದವಳು ಸುಮ್ಮನಾದೆ. ಕೂಗಿದರೆ ಏನೆಂದು ಕೇಳಲು ತಿರುಗುತ್ತಾರೆ. ತಿರುಗುವಾಗ ಆಸರೆಗೆ ಹಂಡೆಯ ಅಂಚನ್ನೇ ಹಿಡಿಯುತ್ತಾರೆ. ಜಗುಲಿಗೆ ಓಡಿದೆ. ಮೇನ್ ಸ್ವಿಚ್ಚಿನ ಹಿಡಿ ಬಿಗಿಯಾಗಿತ್ತು. ಎರಡೂ ಕೈಯಿಂದ ಕೆಳಗೆಳೆದೆ.

ಫ್ಯಾನು ನಿಂತಿತು. ಬಚ್ಚಲಿನಿಂದ ಯಾವ ಸದ್ದೂ ಬರಲಿಲ್ಲ. ಹೋಗಿ ನೋಡಬೇಕು, ಆದರೆ ಹಿಡಿಯನ್ನು ಬಿಟ್ಟರೆ ಅದು ತಾನಾಗಿ ಮೇಲೇರಿಬಿಡುತ್ತದೇನೋ ಎಂಬಂತೆ ಅದನ್ನೇ ಹಿಡಿದು ನಿಂತಿದ್ದೆ.

"ಕರೆಂಟ್ ಹೋತೇನೇ ಅನುಸೂಯಾ? ನೀರು ಇನ್ನೂ ಉಗುರುಬೆಚ್ಚಗೂ ಆಗಿಲ್ಲ."

ಹಿಡಿ ಬಿಟ್ಟು ಬಚ್ಚಲಿಗೆ ಓಡಿದೆ. ಕಾಯಿಲಿನ ಪ್ಲಗ್ ಕಿತ್ತು ಕೈಯಲ್ಲಿ ಹಿಡಿದುಕೊಂಡೆ.

ಮಧ್ಯಾಹ್ನ ವೈರಿಂಗ್ ಕೆಲಸದ ಕರಿಯಣ್ಣ ಬಂದು ಮೀಟರ್ ಹಲಗೆ ಬಿಚ್ಚಿದ. ಕರೆಂಟು ಹಿಂದಿರುಗಿ ಹೋಗುವ ನ್ಯೂಟ್ರಲ್ ತಂತಿಯ ಕೊನೆ ಸುಟ್ಟು ಸಡಿಲವಾಗಿತ್ತು. ಭಾರ ಬಿದ್ದಾಗಲೆಲ್ಲ ಅದು ಸೋಲುತ್ತಿತ್ತು, ಕಂಪ್ಯೂಟರ್ ಆರುತ್ತಿತ್ತು. ಮನೆ ಕಟ್ಟುವಾಗ ಅರ್ಥಿಂಗ್ ಗುಂಡಿಗೆ ಬಂಡೆ ಅಡ್ಡ ಸಿಕ್ಕಿತೆಂದು ಯಾರೋ ಅರ್ಥಿಂಗ್ ತಂತಿಯನ್ನು ತಂದು ಅದೇ ನ್ಯೂಟ್ರಲ್‌ಗೆ ಕಟ್ಟಿ ಕೈತೊಳೆದುಕೊಂಡಿದ್ದರು. ಹಿಂದಿರುಗಲು ದಾರಿ ಸಿಗದ ಕರೆಂಟು ಆ ತಂತಿ ಹಿಡಿದು ಮನೆಯ ತಗಡು, ತಾಮ್ರಗಳಿಗೆಲ್ಲ ಬರುತ್ತಿತ್ತು. ಕರಿಯಣ್ಣ ಹಿತ್ತಲಲ್ಲಿ ಬಂಡೆ ಇಲ್ಲದ ಕಡೆ ಹೊಸ ಗುಂಡಿ ತೋಡಿಸಿದ. ತಂತಿಗಳನ್ನು ಬೇರ್ಪಡಿಸಿದ, ಕರೆಂಟು ಸೋರಿದರೆ ತಾನೇ ಆರುವ ಸ್ವಿಚ್ಚನ್ನೂ ಹಾಕಿದ. ಇಷ್ಟು ದಿನ ಅಜ್ಜಿಗೆ ಹೊಡೆಯಲಿಲ್ಲವೇ ಎಂದು ಕೇಳಿದ.

"ಕೈ ಜೋಮು ಹಿಡೀತಿತ್ತು. ವಯಸ್ಸಾತಲ್ಲ ಅಂದ್ಕಂಡು ಸುಮ್ಕಿದ್ದೆ" ಎಂದರು ಅತ್ತೆ.

ಈಗ ಕಂಪ್ಯೂಟರ್ ಒಂದೇ ಸಲಕ್ಕೆ ಶುರುವಾಗುತ್ತದೆ. ಹಂಡೆ ಹಿತ್ತಲು ಸೇರಿದೆ, ಅತ್ತೆಯ ನೀರನ್ನು ನಾನು ಗ್ಯಾಸಿನ ಮೇಲೆ ಕಾಯಿಸಿ ಕೊಡುತ್ತೇನೆ. ಆದರೂ ಅವರು ಬಚ್ಚಲಿಗೆ ಹೋದರೆ ನನ್ನ ಕಣ್ಣು ಕರಡಿನ ಸಾಲಿನ ಮೇಲೆ ನಿಲ್ಲುವುದಿಲ್ಲ. ಬಾಗಿಲ ಬಳಿ ಹೋಗಿ ಕಿವಿಗೊಡುತ್ತೇನೆ. ನನ್ನ ನೆರಳು ಬಾಗಿಲ ಸಂದಿಯಲ್ಲಿ ಕಾಣುತ್ತದೋ ಏನೋ, ಒಳಗಿನಿಂದ ಚೊಂಬಿನ ಸದ್ದಿನ ಜೊತೆಗೆ ಅವರ ದನಿ ಬರುತ್ತದೆ.

"ಬದುಕಿದೀನಿ ಕಣೇ. ಹೋಗಿ ನಿನ್ ಕೆಲ್ಸ ನೋಡು."