ಒಂದು ನಿಮಿಷದ ಕತ್ತಲೆ

ದೀಪ ಆರಿಸಿದವಳು ನಾನೇ. ಸುರಪುರದ ಗುಡ್ಡದ ಮೇಲಿನ ಯುದ್ಧ ಸಂಗ್ರಹಾಲಯದಲ್ಲಿ ನನಗಿರುವುದು ಅದೇ ಕೆಲಸ. ಬಂದವರನ್ನು ನೆಲದಡಿಯ ಸುರಂಗಕ್ಕೆ ಇಳಿಸುತ್ತೇನೆ. ಮುತ್ತಿಗೆ ಹಾಕಿದವರು ಕೋಟೆಗೋಡೆಯ ಬುಡಕ್ಕೆ ಮದ್ದು ತುಂಬಲು ಹೀಗೆ ಅಗೆದುಕೊಂಡು ಬಂದರು ಎಂದು ಹೇಳುತ್ತೇನೆ. ಆಮೇಲೆ ಒಂದು ನಿಮಿಷ ದೀಪ ಆರಿಸಿ ಗುದ್ದಲಿಯ ಸದ್ದು ಕೇಳಿಸುತ್ತೇನೆ. ಜನ ಕಿರುಚುತ್ತಾರೆ, ನಗುತ್ತಾರೆ, ಫೋಟೋ ತೆಗೆದುಕೊಂಡು ಹೋಗುತ್ತಾರೆ.

ತಂಗಿ ಸಂಘಮಿತ್ರಾಳನ್ನು ನೋಡಲು ಬರುವವರನ್ನು ಇಲ್ಲಿಗೇ ಕರೆಸಿದವಳೂ ನಾನೇ. ಸೈದಾಪುರದ ನಮ್ಮ ಮನೆಗೆ ಈ ಮೊದಲು ಎರಡು ಸಲ ಬೇರೆ ಬೇರೆ ಕಡೆಯಿಂದ ಬಂದು ಉಪ್ಪಿಟ್ಟು ತಿಂದು ಹೋದವರು ಯಾರೂ ತಿರುಗಿ ಫೋನ್ ಮಾಡಿರಲಿಲ್ಲ. ಮೂರನೆಯ ಸಲವೂ ಓಣಿಯವರ ಬಾಯಿಗೆ ಬೀಳುವುದು ಬೇಡವೆಂದು ಅಪ್ಪ ಹಟ ಹಿಡಿದಿದ್ದ.

ಗಂಡು ಭೀಮರಾಯ ರಾಮಸಮುದ್ರದವನು, ಸೈನ್ಯದಿಂದ ರಜೆಯ ಮೇಲೆ ಬಂದಿದ್ದ. ನೋಡಲು ಲಕ್ಷಣವಾಗಿದ್ದ, ಮಾತು ಕಡಿಮೆ. ಮಾತೆಲ್ಲ ಅವನ ತಾಯಿ ಅಯ್ಯಮ್ಮನದು.

"ನಮ್ಮ ಮನಿ ಹೊಲದಾಗ ಅದವಾ. ಹತ್ತು ತಿಂಗಳು ಅಂವ ಗಡಿಮ್ಯಾಗ ಇರ್ತಾನ. ನಾನು ಮಗಳ ಮನಿಗಿ ಹೋಗಿ ಕುಂತಿರ್ತೀನಿ. ನೀ ಒಬ್ಬಾಕಿನ ಇರಬೇಕು. ಅಂಜುಬುರುಕಿ ಸೊಸಿ ನಮಗ ನಡೆಂಗಿಲ್ಲ, ಮೊದಲ ಹೇಳ್ತೀನಿ."

"ಅಂಜಿಕಿ ಇಲ್ರಿ ನನಗ," ಎಂದಳು ಸಂಘಮಿತ್ರಾ.

ಸುಳ್ಳಲ್ಲ. ಕಾರ್ಖಾನೆಯಲ್ಲಿ ಎರಡನೇ ಪಾಳಿ ಮುಗಿಸಿ ಜಾಲಿಕಂಟಿಯ ನಡುವಿನ ದಾರಿಯಲ್ಲಿ ಒಬ್ಬಳೇ ನಡೆದು ಮನೆಗೆ ಬರುವವಳು ಅವಳು. ಅಯ್ಯಮ್ಮ ಅವಳನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದಳು. ಅಪ್ಪನ ಮುಖ ಆಗಲೇ ಅರಳಿತ್ತು.

ಬಾಗಿ ನಡೆಯಬೇಕಾದ ಸುರಂಗಕ್ಕೆ ಹಿರಿಯರ ಮೊಣಕಾಲು ಒಪ್ಪಲಿಲ್ಲ. ಅವರು ಬಾಗಿಲ ಬಳಿಯ ಕಲ್ಲುಬೆಂಚಿನ ಮೇಲೆ ಕುಳಿತರು. ಗಂಡು ಹೆಣ್ಣನ್ನು ಕರೆದುಕೊಂಡು ನಾನು ಇಳಿದೆ. ಕತ್ತಲೆಯಲ್ಲಿ ಕೈಗೆ ಕೈ ತಾಗಲಿ ಎಂಬ ಕಿಡಿಗೇಡಿತನ ನನ್ನದು. ಮೆಟ್ಟಿಲಿಳಿಯುವಾಗಲೇ ಭೀಮರಾಯ ಬೆವರುತ್ತಿದ್ದ. ಸೆಕೆ ಇರಬೇಕು ಅಂದುಕೊಂಡೆ, ದಡ್ಡಿ ನಾನು.

ದೀಪ ಆರಿತು. ಗುದ್ದಲಿಯ ಸದ್ದು ಶುರುವಾಯಿತು. ನಾಲ್ಕನೆಯ ಏಟಿಗೆ ಅವನು ಚೀರಿದ. ಗಂಡಸಿನ ದನಿ ಅಷ್ಟು ಸಣ್ಣಗೆ ಏರುತ್ತದೆಂದು ನನಗೆ ಗೊತ್ತಿರಲಿಲ್ಲ. ಗಾಬರಿಯಲ್ಲಿ ನಾನು ಸ್ವಿಚ್ಚು ತಡಕಾಡುತ್ತಿದ್ದಾಗ ತಂಗಿಯ ಮಾತು ಕೇಳಿಸಿತು: "ಇಲ್ಲೇ ಅದೀನ್ರಿ. ನನ್ನ ಕೈ ಹಿಡೀರಿ. ಉಸಿರು ಬಿಡ್ರಿ."

ದೀಪ ಹತ್ತಿದಾಗ ಆರಡಿಯ ಆ ಆಳು ನೆಲದ ಮೇಲೆ ಮುದುಡಿ ಕುಳಿತು ಅವಳ ಕೈಯನ್ನು ಎರಡೂ ಕೈಗಳಿಂದ ಹಿಡಿದುಕೊಂಡಿದ್ದ.

"ಬಂಕರ್ ಕುಸಿದಿತ್ರಿ," ಎಂದ. "ನಮ್ಮನ್ನ ಹೊರಗ ತೆಗೀಲಾಕ ಹಿಂಗೇ ಅಗೀತಿದ್ರು. ಸಪ್ಪಳ ಕೇಳ್ತಿತ್ತು, ಯಾರೂ ನಮ್ಮ ತನಾ ಬರ್ತಿರಲಿಲ್ಲ. ಇಬ್ರು ನನ್ನ ಬಾಜೂಕೇ ಸತ್ರು." ಅವಳ ಕೈ ಬಿಡದೆಯೇ, "ಅವ್ವಗ ಹೇಳಬ್ಯಾಡ್ರಿ," ಎಂದ.

"ಹೇಳಂಗಿಲ್ರಿ." ಅವಳು ತನ್ನ ದುಪಟ್ಟಾದಿಂದ ಅವನ ಮುಖ ಒರೆಸಿದಳು. ಈ ಮದುವೆ ಆದ ಹಾಗೆಯೇ ಎಂದು ನನಗೆ ಅನ್ನಿಸಿತು.

ಮೇಲೆ ಬಂದಾಗ ಅಯ್ಯಮ್ಮ ಎದ್ದು ನಿಂತಿದ್ದಳು. "ಯಾರು ಚೀರಿದ್ದು?"

ಭೀಮರಾಯ ಗೋಡೆಯ ಮೇಲಿನ ಹಳೆಯ ತುಪಾಕಿಯನ್ನು ನೋಡತೊಡಗಿದ.

"ನಾನೇರಿ," ಎಂದಳು ಸಂಘಮಿತ್ರಾ.

ನಾನು ಬಾಯಿ ತೆರೆದೆ. ಅವಳು ನನ್ನ ಕಾಲು ತುಳಿದಳು.

ಅಯ್ಯಮ್ಮ ನಕ್ಕಳು. "ಅಂಜಿಕಿ ಇಲ್ಲ ಅಂದಾಕಿ ನೀನೇ ಅಲ್ಲೇನು? ನನ್ನ ಮಗ ಬಾಜೂಕ ನಿಂತಾಗೇ ಹಿಂಗ ಆದ್ರ, ಒಬ್ಬಾಕಿನ ಬಿಟ್ರ ಎದಿ ಒಡಕೊಂಡು ಸಾಯ್ತಿ. ಮ್ಯಾಲ ಸುಳ್ಳು ಬ್ಯಾರೆ." ಅಪ್ಪನ ಕಡೆ ತಿರುಗಿದಳು. "ಹುಲಿ ಅಂಥಾ ಮಗಗ ಇಂಥಾ ಜೋಡಿ ಬ್ಯಾಡ್ರಿ."

ಆ ಹುಲಿ ಬಗ್ಗಿ ಬೂಟಿನ ಲೇಸು ಕಟ್ಟಿಕೊಳ್ಳುತ್ತಿತ್ತು. ಅದನ್ನು ಒದೆಯಬೇಕೆನಿಸಿತು ನನಗೆ.

ಅಪ್ಪ ಕೈಮುಗಿದು ಅವರನ್ನು ಕಾರು ಹತ್ತಿಸಿ ಬಂದ. ಬಂದವನೇ ಮಗಳ ಮೇಲೆ ಹರಿಹಾಯ್ದ: "ಒಂದು ನಿಮಿಷ ಬಾಯಿ ಮುಚಗೊಂಡು ನಿಂದ್ರಲಾಕ ಆಗಲಿಲ್ಲೇನು ನಿನಗ?" ಉತ್ತರಕ್ಕೂ ಕಾಯದೆ ಬಸ್‌ಸ್ಟ್ಯಾಂಡಿನ ಕಡೆ ಇಳಿದು ಹೋದ.

"ಯಾಕ ಸುಳ್ಳು ಹೇಳಿದಿ?" ಎಂದೆ.

"ಅಂವಗ ಮಾತು ಕೊಟ್ಟಿದ್ದೆ. ಅವರವ್ವ ನನಗ ಅಷ್ಟು ಬೈದಾಗಾದ್ರೂ ತಾನ ಹೇಳ್ತಾನ ಅನಕೊಂಡೆ ಅಕ್ಕಾ."

ಅಷ್ಟರಲ್ಲಿ ನನ್ನ ಫೋನಿಗೆ ಮೆಸೇಜು ಬಂತು, ಬೆಳಿಗ್ಗೆ ಅವನು ದಾರಿ ಕೇಳಿದ್ದ ನಂಬರಿನಿಂದ. 'ಭಾಳ ಉಪಕಾರ ಆಯ್ತು. ನಾಳೆ ಗುರುಮಠಕಲ್‌ದಾಗ ಹೆಣ್ಣು ನೋಡ್ಲಾಕ ಹೊಂಟೀವಿ. ಅಲ್ಲಿ ತನಾ ಸುದ್ದಿ ಹೋಗಬಾರದು, ನಿಮ್ಮ ತಂಗಿಗೂ ಹೇಳ್ರಿ.'

ಬಚ್ಚಿಡುವಷ್ಟರಲ್ಲಿ ಅವಳು ಓದಿಬಿಟ್ಟಿದ್ದಳು. ಆಗ ಅತ್ತಳು, ಬೆಳಿಗ್ಗೆಯಿಂದ ಮೊದಲ ಸಲ.

"ಹೇಳಂಗಿಲ್ಲ ಅಂತ ಬರಿ ಅಕ್ಕಾ."

ನಾನು ಬರೆಯಲಿಲ್ಲ. ಅವಳು ಫೋನು ಕಸಿದುಕೊಂಡು ತಾನೇ ಬರೆದು ಕಳಿಸಿದಳು.