ಭಾವನ ದೋಣಿ, ನನ್ನ ಕ್ಯಾಮೆರಾ

ಕ್ಯಾಮೆರಾಕ್ಕೆ ನೀರು ಹೋದರೆ ಏನು ಮಾಡಬೇಕು ಎಂಬ ವಿಷಯದ ಮೇಲೆ ಮಣಿಪಾಲದಲ್ಲಿ ಉಪನ್ಯಾಸ ಕೊಟ್ಟವನು ನಾನು. ಹವ್ಯಾಸಿ ಫೋಟೋಗ್ರಾಫರುಗಳ ಒಂದು ಸಣ್ಣ ಕೂಟ ಅದು. ಕೇಳಲು ಬಂದವರಲ್ಲಿ ಅರ್ಧ ಜನ ಮಳೆಯಿಂದ ತಪ್ಪಿಸಿಕೊಳ್ಳಲು ಒಳಗೆ ಬಂದವರು. ಆದರೂ ಹೆಂಡತಿ ಸುಗಂಧಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿ, "ಮೊದಲು ಬ್ಯಾಟರಿ ತೆಗೆಯಿರಿ, ಯಾವ ಕಾರಣಕ್ಕೂ ಸ್ವಿಚ್ ಹಾಕಿ ನೋಡಬೇಡಿ" ಎಂದು ಬೆರಳು ಆಡಿಸಿ ಹೇಳಿದ್ದೆ. ಕೊನೆಯಲ್ಲಿ ಒಂದು ಶಾಲು ಹೊದಿಸಿದರು. ಬಹುಶಃ ಆ ಶಾಲಿನ ಸೆಖೆಗೇ ಇರಬೇಕು, ಸುಗಂಧಿಯ ಅಣ್ಣ ದೂಮಪ್ಪ ಕಾಪುವಿನಿಂದ ಫೋನ್ ಮಾಡಿ, "ಹೊಸ ದೋಣಿಯನ್ನು ಕಡಲಿಗೆ ಇಳಿಸುವುದುಂಟು ಭಾವ, ನೀವು ಒಂದೆರಡು ಫೋಟೋ ತೆಗೆದುಕೊಡಬೇಕು" ಎಂದಾಗ, ಒಂದೆರಡಲ್ಲ, ಪ್ರದರ್ಶನಕ್ಕೆ ಇಡುವಂಥದ್ದು ತೆಗೆಯುತ್ತೇನೆ ಎಂದುಬಿಟ್ಟೆ.

ನಾನು ಉಡುಪಿಯ ವಿಮೆ ಕಚೇರಿಯೊಂದರಲ್ಲಿ ಕುಳಿತು ಕೆಲಸ ಮಾಡುವವನು. ದೂಮಪ್ಪ ಭಾವ ಸಣ್ಣ ವಯಸ್ಸಿನಿಂದ ಬೇರೆಯವರ ದೋಣಿಗಳಲ್ಲಿ ದುಡಿದವರು. ತಮ್ಮದು ಎಂದು ಹೇಳಿಕೊಳ್ಳಲು ಅವರಿಗೆ ಸಿಕ್ಕ ಮೊದಲ ದೋಣಿ ಇದು.

ದೋಣಿ ಇಳಿಸುವ ದಿನ ಬೆಳಿಗ್ಗೆ ನಾವು ಕಾಪುವಿನ ಕಡಲ ಬದಿಗೆ ಹೋದಾಗ ಎಲ್ಲರೂ ಆಗಲೇ ಸೇರಿದ್ದರು. ಭಾವನ ಹೆಂಡತಿ ಸರಸಕ್ಕ ಹೊಸ ಸೀರೆ ಉಟ್ಟು, ತಲೆ ತುಂಬ ಮಲ್ಲಿಗೆ ಮುಡಿದು ದೋಣಿಯ ಪಕ್ಕದಲ್ಲೇ ನಿಂತಿದ್ದರು. ಮಗಳು ಮಾನಸ ಹೂವಿನ ಮಾಲೆ ಸರಿಮಾಡುತ್ತಿದ್ದಳು. ಭಾವ ಬಿಳಿ ಶರ್ಟು ಹಾಕಿಕೊಂಡು ಕೈ ಎಲ್ಲಿಡಬೇಕೆಂದು ತಿಳಿಯದೆ ದೋಣಿಯ ಅಂಚಿನ ಮೇಲಿಟ್ಟುಕೊಂಡಿದ್ದರು.

"ಎಲ್ಲರೂ ಸ್ವಲ್ಪ ಆಚೆ ಹೋಗಿ. ದೋಣಿಯ ಗೆರೆ ಕಾಣುವುದಿಲ್ಲ" ಎಂದೆ ನಾನು.

ಅವರು ಆಚೆ ಹೋದರು. ನಾನು ದೋಣಿಯ ಮೂತಿಗೆ ಹಚ್ಚಿದ ಕುಂಕುಮದ ಫೋಟೋ ತೆಗೆದೆ, ಹಗ್ಗದ ಗಂಟಿನದ್ದು ತೆಗೆದೆ, ಮರಳಿನ ಮೇಲೆ ಬಿದ್ದ ಒಂದು ಹೂವಿನ ಸುತ್ತ ಮೊಣಕಾಲೂರಿ ಪ್ರದಕ್ಷಿಣೆ ಬಂದೆ. ಭಾವ ಎರಡು ಸಲ ಹತ್ತಿರ ಬಂದರು. ಎರಡು ಸಲವೂ ಅವರ ನೆರಳು ಬೀಳುತ್ತದೆಂದು ಹಿಂದೆ ಕಳಿಸಿದೆ.

ಗಂಡಸರೆಲ್ಲ ಭುಜ ಕೊಟ್ಟು ದೋಣಿ ನೂಕಲು ಶುರುಮಾಡಿದಾಗ ನನಗೆ ಅದನ್ನು ಎದುರಿನಿಂದ, ಅಂದರೆ ಕಡಲೊಳಗೆ ನಿಂತು ತೆಗೆಯಬೇಕೆನಿಸಿತು. ಪ್ಯಾಂಟು ಮಡಚಿ ನೀರಿಗಿಳಿದೆ.

"ಭಾವ, ಅಲ್ಲಿ ಹೊಂಡ ಉಂಟು" ಎಂದರು ದೂಮಪ್ಪ.

"ಗೊತ್ತುಂಟು" ಎಂದೆ. ಗೊತ್ತಿರಲಿಲ್ಲ.

ಒಂದು ಹೆಜ್ಜೆ ಹಿಂದಿಟ್ಟೆ. ನೆಲ ಇರಲಿಲ್ಲ. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಬಂದ ಅಲೆ ನನ್ನನ್ನು ಮಗುಚಿ ಹಾಕಿತು. ಬಾಯಿ ತುಂಬ ಉಪ್ಪುನೀರು, ಕಣ್ಣು ತುಂಬ ಮರಳು. ಯಾರೋ ಕಾಲರ್ ಹಿಡಿದು ಎಳೆದರು. ಕಣ್ಣು ಬಿಟ್ಟರೆ ದೂಮಪ್ಪ ಭಾವ. ಬಿಳಿ ಶರ್ಟು ಎದೆಯವರೆಗೆ ಒದ್ದೆ. ಅವರ ದೋಣಿ ಅವರಿಲ್ಲದೆಯೇ, ಬೇರೆಯವರ ಕೈಯಲ್ಲಿ ನೀರಿಗಿಳಿದು ತೇಲುತ್ತಿತ್ತು. ನನ್ನನ್ನು ಎತ್ತಲು ಅವರು ಅದನ್ನು ಬಿಟ್ಟು ಬಂದಿದ್ದರು.

ಆ ಹೊತ್ತಿಗೆ ನನಗೆ ಅದು ಹೊಳೆಯಲಿಲ್ಲ. ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಕ್ಯಾಮೆರಾದಿಂದ ಗಿಂಡಿಯಿಂದ ಸುರಿದಂತೆ ನೀರು ಸುರಿಯುತ್ತಿತ್ತು. ದಡದಲ್ಲಿ ಕುಳಿತು ನಾನು ಮಾಡಿದ ಮೊದಲ ಕೆಲಸ ಸ್ವಿಚ್ ಹಾಕಿದ್ದು. ಸಣ್ಣ ಬೆಳಕು ಬಂತು, ಒಳಗೆ ಏನೋ ಚುರ್ ಎಂದಿತು, ಬೆಳಕು ಹೋಯಿತು. ಇನ್ನೊಮ್ಮೆ ಹಾಕಿದೆ.

"ಸ್ವಿಚ್ ಹಾಕಬಾರದು ಅಂತ ಅವತ್ತು ನೀವೇ ಹೇಳಿದ್ದಲ್ವಾ?" ಎಂದಳು ಸುಗಂಧಿ.

"ಅದು ಸಿಹಿನೀರಿನ ವಿಷಯ" ಎಂದೆ. ಇಂಥ ಉತ್ತರ ನನಗೆ ಎಲ್ಲಿಂದ ಹೊಳೆಯುತ್ತದೋ ತಿಳಿಯದು.

ಅನಂತರ ಎಲ್ಲರೂ ವೈದ್ಯರಾದರು. ಒಬ್ಬರು ಬಿಸಿಲಿಗಿಡಿ ಎಂದರು, ಮತ್ತೊಬ್ಬರು ಫ್ಯಾನಿನ ಕೆಳಗೆ. ಅಕ್ಕಿಯಲ್ಲಿ ಹೂತಿಡುವುದರಿಂದ ಏನೂ ಆಗದು ಎಂದು ಉಪನ್ಯಾಸದಲ್ಲಿ ನಗಾಡಿದ್ದ ನಾನೇ ಸರಸಕ್ಕನ ಕುಚ್ಚಲಕ್ಕಿ ಡಬ್ಬಿಯಲ್ಲಿ ಕ್ಯಾಮೆರಾವನ್ನು ಮಲಗಿಸಿ, ಮೇಲಿಂದ ಇನ್ನೊಂದು ಸೇರು ಅಕ್ಕಿ ಸುರಿದೆ. ಮಧ್ಯಾಹ್ನ ಅನ್ನಕ್ಕೆ ಅವರು ಪಕ್ಕದ ಮನೆಯಿಂದ ಅಕ್ಕಿ ತಂದರು.

ಮರುದಿನ ಸುಗಂಧಿಯನ್ನೂ ಕರೆದುಕೊಂಡು ಉಡುಪಿಯಲ್ಲಿ ಕ್ಯಾಮೆರಾ ರಿಪೇರಿ ಮಾಡುವ ರೋಸಲಿನ್ ಅವರ ಅಂಗಡಿಗೆ ಹೋದೆ. ಅವರು ಅದನ್ನು ಬಿಚ್ಚಿ, ಚಿಮಟದಿಂದ ಕೆಂಪು ಅಕ್ಕಿಯ ಕಾಳೊಂದನ್ನು ಹೊರತೆಗೆದು ಮೇಜಿನ ಮೇಲಿಟ್ಟರು.

"ಒದ್ದೆಯಾದ ಮೇಲೆ ಆನ್ ಮಾಡಿದ್ದೀರಾ ಸರ್?"

"ಇಲ್ಲ" ಎಂದೆ.

ಅವರು ಸುಗಂಧಿಯ ಮುಖ ನೋಡಿದರು. ಸುಗಂಧಿ ಬೀದಿ ನೋಡಿದಳು.

"ಬೋರ್ಡ್ ಪೂರ್ತಿ ಹೋಗಿದೆ ಸರ್. ಕಾರ್ಡ್ ಮಾತ್ರ ಸರಿಯುಂಟು."

ಕಾರ್ಡ್ ಸರಿಯುಂಟು ಎಂದರೆ ಮಾನವೂ ಸರಿಯುಂಟು ಎಂದುಕೊಂಡು, ಫೋಟೋಗಳನ್ನು ಲ್ಯಾಪ್‌ಟಾಪಿಗೆ ಹಾಕಿಕೊಂಡು ಭಾನುವಾರ ಕಾಪುವಿಗೆ ಹೋದೆ. ಎಲ್ಲರೂ ಸುತ್ತ ಕುಳಿತರು. ಕುಂಕುಮ ಬಂತು, ಗಂಟು ಬಂತು, ಹೂವು ಬಂತು, ಮತ್ತೆ ಹೂವು ಬಂತು. ಖಾಲಿ ಮರಳಿನ ಮೇಲೆ ದೋಣಿ ಒಂದೇ ನಿಂತಿರುವುದು ಬಂತು.

"ದೋಣಿ ಚಂದ ಬಂದಿದೆ" ಎಂದರು ದೂಮಪ್ಪ ಭಾವ. ಪರದೆಯ ಹತ್ತಿರಕ್ಕೆ ಬಗ್ಗಿ ಕೇಳಿದರು, "ನಾವು ಯಾವುದರಲ್ಲೂ ಇಲ್ವಾ ಭಾವ?"

ಕೊಂಕಿಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲು ಕೇಳಿದ್ದು. ಲ್ಯಾಪ್‌ಟಾಪಿನ ಕೀಲಿಗಳನ್ನು ಸುಮ್ಮನೆ ಒತ್ತುತ್ತ ಹೋದೆ, ಎಲ್ಲಾದರೂ ಅವರ ಮೊಣಕೈಯಾದರೂ ಸಿಕ್ಕೀತೆಂದು. ಸಿಗಲಿಲ್ಲ. ನಾನು ಅಷ್ಟು ಅಚ್ಚುಕಟ್ಟಾಗಿ ಎಲ್ಲರನ್ನೂ ದೂರ ಕಳಿಸಿದ್ದೆ.

"ಇಲ್ಲ ಭಾವ. ನಾನೇ ಆಚೆ ಹೋಗಿ ಅಂದದ್ದು" ಎಂದೆ. "ಈಗ ಬನ್ನಿ, ದೋಣಿಯ ಹತ್ತಿರ ಹೋಗುವ."

"ಕ್ಯಾಮೆರಾ ಎಲ್ಲುಂಟು ಮಾಮ?" ಎಂದಳು ಮಾನಸ.

ಸುಗಂಧಿ ತನ್ನ ಮೊಬೈಲ್ ಕೊಟ್ಟಳು. ಅದರ ಗಾಜಿನ ಮೇಲೆ ಒಂದು ಬಿರುಕು ಇತ್ತು.

ಕುಂಕುಮ ಅಷ್ಟರಲ್ಲಿ ಅಳಿಸಿತ್ತು, ಮಾಲೆ ಒಣಗಿತ್ತು, ದೋಣಿಯ ತುಂಬ ಮೀನಿನ ವಾಸನೆ. ಭಾವ ಮನೆಯಲ್ಲಿ ಉಡುವ ಲುಂಗಿಯಲ್ಲೇ ಬಂದರು. ಸರಸಕ್ಕ ಸೀರೆ ಬದಲಿಸಿ ಬರುತ್ತೇನೆಂದರು. ಬೇಡ, ಹೀಗೇ ಇರಲಿ ಎಂದರು ಭಾವ. ಮಾನಸ ದೋಣಿಯೊಳಗೆ ಹತ್ತಿ ಕುಳಿತಳು. ಬಿಸಿಲು ನೆತ್ತಿಯ ಮೇಲಿತ್ತು. ಅಂಥ ಬೆಳಕಿನಲ್ಲಿ ಫೋಟೋ ತೆಗೆಯುವವರ ಬಗ್ಗೆ ನಾನು ಆಡಿದ ಮಾತುಗಳು ಅನೇಕ. ಬಾಯಿ ಮುಚ್ಚಿಕೊಂಡು ತೆಗೆದೆ.

ತೆಗೆದಾದ ಮೇಲೆ ನೋಡಿದರೆ ಎಡಮೂಲೆಯಲ್ಲಿ ನನ್ನ ಹೆಬ್ಬೆರಳು ಗೋಡಂಬಿಯಂತೆ ದಪ್ಪಗೆ ಕೂತಿತ್ತು. ಇನ್ನೊಂದು ತೆಗೆಯುತ್ತೇನೆ ಎಂದೆ.

"ಇದೇ ಸಾಕು ಭಾವ" ಎಂದರು ದೂಮಪ್ಪ. "ಇದರಲ್ಲಿ ನೀವೂ ಇದ್ದೀರಿ."

ಅದನ್ನೇ ದೊಡ್ಡದು ಮಾಡಿಸಿ ಮನೆಯ ಜಗಲಿಯಲ್ಲಿ ತೂಗುಹಾಕಿದ್ದಾರೆ. ಬಂದವರು ಆ ಮೂಲೆಯಲ್ಲಿ ಅದೆಂತ ಎಂದು ಕೇಳುತ್ತಾರಂತೆ. ನಮ್ಮ ತಂಗಿಯ ಗಂಡ, ಉಡುಪಿಯಲ್ಲಿ ದೊಡ್ಡ ಫೋಟೋಗ್ರಾಫರ್ ಎಂದು ಭಾವ ಈಗಲೂ ನಂಬಿಕೆಯಿಂದ ಹೇಳುತ್ತಾರಂತೆ.