ಒತ್ತೆ ಬಿದ್ದ ಬೀಗದ ಕೈ

ತರೀಕೆರೆ ಬಸ್ ಸ್ಟ್ಯಾಂಡಿನ ಎದುರು ರೇಡಿಯೋ, ಟೇಪ್ ರೆಕಾರ್ಡರ್ ಮಾರುತ್ತಿದ್ದ ತೀರ್ಥಪ್ಪ ಜಪಾನಿಗೆ ಹೊರಟಾಗ ಅಂಗಡಿಗೆ ಬೀಗ ಜಡಿದು, ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡೇ ವಿಮಾನ ಹತ್ತಿದ. ಹತ್ತು ದಿನ ವ್ಯಾಪಾರ ಕೆಟ್ಟರೂ ಕೆಡಲಿ, ಅದು ಇನ್ನೊಬ್ಬರ ಪಾಲಾಗಬಾರದು. ಒಡಹುಟ್ಟಿದ ತಮ್ಮನನ್ನೇ ನಂಬದ ಮನುಷ್ಯ, ಇನ್ನು ಹೆಂಡತಿಯನ್ನು ನಂಬುತ್ತಾನೆಯೇ?

ಹೆಂಡತಿ ಪಂಕಜಾಕ್ಷಿಗೆ ಬೇಕಾಗಿದ್ದುದು ಆ ಬೀಗದ ಕೈಯೇ. ನಾನೂ ಅಂಗಡಿಯಲ್ಲಿ ಕೂರುತ್ತೇನೆ ಎಂದು ನಾಲ್ಕು ವರ್ಷದಿಂದ ಕೇಳಿ ಕೇಳಿ ಅವಳ ನಾಲಿಗೆ ಸವೆದಿತ್ತು. "ಮಿಷನ್ನು ಅಂದ್ರೆ ಸೌಟಲ್ಲ ಕಣೇ, ನಿಂಗೆ ತಿಳಿಯಾಕಿಲ್ಲ" ಎಂಬುದೊಂದೇ ಅವನ ಉತ್ತರ. ಹಾಗಾದರೆ ೧೯೮೭ರಲ್ಲಿ ಟೇಪ್ ರೆಕಾರ್ಡರ್ ಕಂಪನಿಯವರು ಹೆಚ್ಚು ಮಾಲು ಮಾರಿದ ವ್ಯಾಪಾರಿಗಳನ್ನು ಹೆಂಡತಿ ಸಮೇತ ಜಪಾನಿಗೆ ಕರೆದೊಯ್ದಾಗ ತೀರ್ಥಪ್ಪನ ಹೆಸರು ಪಟ್ಟಿಗೆ ಬಂದದ್ದು ಹೇಗೆ? ಯಾವ ಟೇಪು ಒಳ್ಳೆಯದು, ಯಾವುದು ಬೇಗ ಕೆಡುತ್ತದೆ ಎಂದು ಕೇರಿಯ ಹೆಂಗಸರೆಲ್ಲ ಬಾವಿಕಟ್ಟೆಯಲ್ಲಿ ಮೊದಲು ಕೇಳುತ್ತಿದ್ದುದು ಪಂಕಜಾಕ್ಷಿಯನ್ನು. ಇದು ತೀರ್ಥಪ್ಪನಿಗೂ ಗೊತ್ತಿತ್ತು. ಆದರೆ ಒಪ್ಪಿಕೊಂಡರೆ ಮೀಸೆಗೆ ಮಣ್ಣು ಹತ್ತುತ್ತದಲ್ಲ!

ಬಾವಿಕಟ್ಟೆಗೆ ಅವಳೇ ಯಜಮಾನಿ. ತವರೂರು ಅಜ್ಜಂಪುರದಿಂದ ಬರುವಾಗ ಅವಳು ಪಾತಾಳಗರಡಿ ತಂದಿದ್ದಳು. ಬಾವಿಗೆ ಬಿದ್ದ ಕೊಡ, ಬಿಂದಿಗೆಗಳನ್ನು ಹಗ್ಗದಲ್ಲಿ ಇಳಿಬಿಟ್ಟು ಮೇಲೆತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ಅದು. ಕೇರಿಗೆಲ್ಲ ಅದೊಂದೇ. ಯಾರೇ ಕೇಳಲಿ, ಒಂದು ಚೊಂಬಾದರೂ ಒತ್ತೆ ಇಡಬೇಕು. ಗರಡಿ ವಾಪಸು ಬಂದ ಮೇಲೆಯೇ ಒತ್ತೆ ವಾಪಸು. ಒತ್ತೆ ಇಲ್ಲದೆ ಕೊಟ್ಟರೆ ಬಿದ್ದ ಕೊಡ ಸಿಗುವುದಿಲ್ಲ ಎಂಬುದು ಅವಳ ಅಜ್ಜಿಯ ಕಾಲದ ನೇಮ. ಸ್ವಂತ ಮೈದುನನಿಗೂ ಅವಳು ಅದನ್ನು ಸಡಿಲಿಸಿದವಳಲ್ಲ.

ಟೋಕಿಯೋದಲ್ಲಿ ಹಗಲೆಲ್ಲ ಕಾರ್ಖಾನೆ ತೋರಿಸಿದರು. ಸಂಜೆ ಗಂಡಸರು ಊರು ನೋಡಲು ಹೊರಟರು.

"ರಾತ್ರಿ ಹೊತ್ತು ಹೆಂಗಸ್ರಿಗೇನು ಕೆಲ್ಸ? ರೂಮಲ್ಲಿ ಬಿದ್ಕೊ" ಎಂದ ತೀರ್ಥಪ್ಪ.

"ನಿಮ್ಗೇನು ಕೆಲ್ಸ ಐತೋ ನಂಗೂ ಅದೇ ಕೆಲ್ಸ ಕಣ್ರೀ." ಪಂಕಜಾಕ್ಷಿ ಸೀರೆಯ ಮೇಲೆ ಸ್ವೆಟರ್ ತೊಟ್ಟು, ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತೇಬಿಟ್ಟಳು.

ಬೀದಿಯಲ್ಲಿ ರಾತ್ರಿಯೇ ಆಗಿರಲಿಲ್ಲ, ಅಷ್ಟು ದೀಪ. ಕೂದಲಿಗೆ ಕೆಂಪು ಬಳಿದುಕೊಂಡ ಹುಡುಗಿಯರು ರಸ್ತೆಯಲ್ಲೇ ಕುಣಿಯುತ್ತಿದ್ದರು. ಒಂದು ಪಾನಗೃಹದಲ್ಲಿ ಟೈ ಸಡಿಲಿಸಿದ ಗುಮಾಸ್ತರು ಸರದಿಯ ಮೇಲೆ ಮೈಕು ಹಿಡಿದು, ಮಿಷನ್ನಿನ ವಾದ್ಯಕ್ಕೆ ತಕ್ಕಂತೆ ಹಾಡುತ್ತಿದ್ದರು. ಜೊತೆಗಿದ್ದ ಕಡೂರಿನ ವ್ಯಾಪಾರಿ ಕೃಷ್ಣಸ್ವಾಮಿ ತಾನೂ ನುಗ್ಗಿ, ಹೆಂಡದ ವಾಸನೆಯ ನಡುವೆ ಭಕ್ತಿಯಿಂದ ಒಂದು ದೇವರನಾಮ ಹೇಳಿ ಚಪ್ಪಾಳೆ ಗಿಟ್ಟಿಸಿದರು. ಪಂಕಜಾಕ್ಷಿ ನಕ್ಕು ನಕ್ಕು ಸುಸ್ತಾದಳು.

ಪಕ್ಕದ ಕ್ಯಾಸೆಟ್ ಅಂಗಡಿಯ ಮುಂದೆ ಮಾತ್ರ ಅವಳ ನಗು ನಿಂತಿತು. ಇಪ್ಪತ್ತರ ಹುಡುಗಿಯೊಬ್ಬಳು ಒಬ್ಬಳೇ ಅಂಗಡಿ ನೋಡಿಕೊಳ್ಳುತ್ತಿದ್ದಳು. ಟೇಪು ಹಾಕಿ ಕೇಳಿಸಿದಳು, ರೆಕಾರ್ಡರಿನ ಮುಚ್ಚಳ ಬಿಚ್ಚಿ ತೋರಿಸಿದಳು, ಗಿರಾಕಿಗೆ ಬಗ್ಗಿ ನಮಸ್ಕರಿಸಿದಳು. ಪಂಕಜಾಕ್ಷಿಗೆ ಹೊಟ್ಟೆ ಉರಿಯಿತು. ಇವಳಿಗೆ ಆಗುವುದು ನನಗೇಕೆ ಆಗದು? ಬೀಗದ ಕೈ ಇಸಿದುಕೊಳ್ಳದೆ ತರೀಕೆರೆಗೆ ಕಾಲಿಡುವುದಿಲ್ಲ ಎಂದು ಅಲ್ಲೇ ಶಪಥ ಮಾಡಿದಳು.

ಅಲ್ಲಿಂದ ಎಲ್ಲರೂ ಆಟದ ಮಿಷನ್ನುಗಳ ದೊಡ್ಡ ಮಳಿಗೆಯನ್ನು ಹೊಕ್ಕರು. ಕಿವಿ ತೂತಾಗುವಂಥ ಸದ್ದು. ಮೂಲೆಯ ಗಾಜಿನ ಪೆಟ್ಟಿಗೆಯೊಂದರಲ್ಲಿ ಗೊಂಬೆಗಳ ರಾಶಿ, ಮೇಲೆ ತೂಗುವ ಕೊಕ್ಕೆ. ಒಂದು ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಕೊಕ್ಕೆ ಪಕ್ಕಕ್ಕೆ, ಇನ್ನೊಂದು ಒತ್ತಿದರೆ ಹಿಂದಕ್ಕೆ, ಆಮೇಲೆ ತಾನಾಗಿ ಇಳಿದು ಸಿಕ್ಕಿದ್ದನ್ನು ಎತ್ತುತ್ತದೆ.

"ಇಂಥ ಮಿಷನ್ನು ನಂಗೆ ನೀರು ಕುಡ್ದಂಗೆ. ಗೊಂಬೆ ಇಲ್ದೆ ಇಲ್ಲಿಂದ ಕದಲಾಕಿಲ್ಲ" ಎಂದು ತೀರ್ಥಪ್ಪ ಎಲ್ಲರೆದುರು ತೊಡೆ ತಟ್ಟಿದ. ತಟ್ಟಿದ್ದೇ ಬಂತು. ಕರಡಿ ಗೊಂಬೆಯ ಹೊಟ್ಟೆಗೇ ಗುರಿಯಿಟ್ಟು ಹತ್ತು ಸಲ ಆಡಿದ, ಹತ್ತು ಸಲವೂ ಅದು ಜಾರಿ ಬಿತ್ತು. ಸುತ್ತ ನಿಂತವರು ಕಿಸಕ್ಕೆಂದರು. ಅವನ ಮುಖ ಹುಳ್ಳಗಾಯಿತು.

ಪಂಕಜಾಕ್ಷಿ ಅಷ್ಟು ಹೊತ್ತೂ ಕೊಕ್ಕೆಯ ತೂಗಾಟವನ್ನೇ ನೋಡುತ್ತಿದ್ದಳು. "ಇದು ಪಾತಾಳಗರಡಿ ಅಲ್ವೇನ್ರೀ? ಬಿಡಿ, ನಾನು ತೆಗ್ದುಕೊಡ್ತೀನಿ. ಆದ್ರೆ ಒತ್ತೆ ಇಡ್ಬೇಕು."

"ಏನು ಒತ್ತೆ?"

"ಅಂಗಡಿ ಬೀಗದ ಕೈ. ಗರಡಿ ವಾಪಸ್ ಬಂದ್ಮೇಲೆ ಒತ್ತೆ ವಾಪಸ್."

"ಕೊಡ್ರೀ ತೀರ್ಥಪ್ಪನವ್ರೇ, ವಾಪಸ್ ಬತ್ತದಲ್ಲ. ಸಾಕ್ಷಿಗೆ ನಾನಿದೀನಿ" ಎಂದರು ಕೃಷ್ಣಸ್ವಾಮಿ. ಇವಳ ಕೈಲಾಗುವುದಿಲ್ಲ ಎಂಬ ಧೈರ್ಯದ ಮೇಲೆ ತೀರ್ಥಪ್ಪ ಗೋಡೆ ಕಡೆ ತಿರುಗಿ ಉಡಿದಾರ ಬಿಚ್ಚಿ, ಬೀಗದ ಕೈ ಕೊಟ್ಟ.

ಮೊದಲ ಸಲ ಅವಳಿಗೂ ತಪ್ಪಿತು. ಹಗ್ಗ ಜಗ್ಗುವ ಅಭ್ಯಾಸದಲ್ಲಿ ಗುಂಡಿಯನ್ನು ಒತ್ತಿ ಹಿಡಿದೇ ಇದ್ದಳು, ಕೊಕ್ಕೆ ಗಾಜಿನ ಗೋಡೆಗೆ ಹೋಗಿ ನಿಂತಿತು. "ಸೌಟಲ್ಲ ಅಂದಿದ್ನಲ್ಲ!" ಎಂದು ಗಂಡ ಹಿಗ್ಗಿದ. ಅವಳು ತಿರುಗಿಯೂ ನೋಡಲಿಲ್ಲ. ಕೊಡದ ಹೊಟ್ಟೆಗೆ ಗರಡಿ ಹಾಕಬೇಡ, ಕೊರಳಿಗೆ ಹಾಕು ಎಂದು ಅಜ್ಜಿ ಹೇಳುತ್ತಿದ್ದಳು. ಕರಡಿಯ ಕೊರಳಿಗೊಂದು ರಿಬ್ಬನ್ನಿತ್ತು. ಪಂಕಜಾಕ್ಷಿ ಬಗ್ಗಿ ಪಕ್ಕದಿಂದಲೂ ನೋಡಿಕೊಂಡು, ಉಸಿರು ಬಿಗಿಹಿಡಿದು, ಎರಡು ಗುಂಡಿಗಳನ್ನೂ ಲೆಕ್ಕವಾಗಿ ಒತ್ತಿ ಬಿಟ್ಟಳು. ಕೊಕ್ಕೆಯ ತುದಿ ರಿಬ್ಬನ್ನಿಗೆ ಸಿಕ್ಕಿಕೊಂಡಿತು. ಕರಡಿ ತೂಗಾಡುತ್ತ ಮೇಲೆ ಬಂದು, ಹೊರಗಿನ ಗೂಡಿಗೆ ದೊಪ್ಪನೆ ಬಿತ್ತು. ಜಪಾನಿನ ಹುಡುಗರೂ ಚಪ್ಪಾಳೆ ತಟ್ಟಿದರು. ಎಲ್ಲರೆದುರು ಬೀಗದ ಕೈ ಕೇಳಲು ನಾಚಿ, ಊರಿಗೆ ಹೋದ ಮೇಲೆ ಇಸಿದುಕೊಂಡರಾಯಿತು ಎಂದುಕೊಂಡ ತೀರ್ಥಪ್ಪ.

ಊರಿಗೆ ಮರಳಿದ ಮಾರನೆಯ ಬೆಳಿಗ್ಗೆ ಇಬ್ಬರೂ ಅಂಗಡಿಯ ಮುಂದೆ ನಿಂತಿದ್ದರು. ಪ್ರದರ್ಶನಕ್ಕಿಡಲೆಂದು ತಂದ ಕರಡಿ ತೀರ್ಥಪ್ಪನ ಕಂಕುಳಲ್ಲಿತ್ತು.

"ಆಟ ಸಾಕು, ಬೀಗದ ಕೈ ಕೊಡೇ."

"ಗರಡಿ ವಾಪಸ್ ತಂದ್ಕೊಡಿ, ಒತ್ತೆ ತಗೊಳ್ಳಿ."

"ಯಾವ ಗರಡಿನೇ? ಅದು ಜಪಾನಲ್ಲೇ ನೇತಾಡ್ತಾ ಐತಲ್ಲ!"

"ಹಂಗಾದ್ರೆ ಅದು ತರೀಕೆರೆಗೆ ಬರೋಗಂಟ ಒತ್ತೆ ನನ್ ತಾವೇ ಇರ್ತದೆ. ಬೇಕಾದ್ರೆ ಕಡೂರಿಗೆ ಹೋಗಿ ಸಾಕ್ಷಿ ಕೇಳ್ಕೊಂಡು ಬನ್ನಿ."

ಪಂಕಜಾಕ್ಷಿ ಬೀಗ ತೆಗೆದಳು, ಬಾಗಿಲು ಸರಿಸಿದಳು, ಗಲ್ಲಾಪೆಟ್ಟಿಗೆಗೆ ಕೈಮುಗಿದು ಕುರ್ಚಿಯಲ್ಲಿ ಕೂತಳು. ನಾಲ್ಕು ವರ್ಷ ಕಾದಿದ್ದ ಕುರ್ಚಿ ಅದು. ಅವಳ ಕಣ್ಣು ತುಂಬಿ ಬಂತು. ಸೆರಗಿನಿಂದ ಒರೆಸಿಕೊಂಡು ಹೊರಗೆ ನೋಡಿದಳು. ಗಂಡ ಇನ್ನೂ ಕರಡಿ ಹಿಡಿದುಕೊಂಡು ಅಲ್ಲೇ ನಿಂತಿದ್ದ.

"ಬಿಸಿಲಲ್ಲಿ ಯಾಕೆ ನಿಂತಿದೀರಿ? ಒಳಗ್ ಬನ್ನಿ" ಎಂದಳು. "ಏನು ತೋರಿಸ್ಲಿ?"